ಕೇಳದ್ದನ್ನೂ ಕೇಳಿಸುವ ರೇಡಿಯೋ

ಬೆಂಗಳೂರಿನಲ್ಲಿ ಬೆಳಿಗ್ಗೆ 5 ಗಂಟೆ 18 ನಿಮಿಷ. ಡಿಕಾಕ್ಷನ್ ತೊಟ್ಟಿಕ್ಕುತ್ತಿದೆ, ಹಾಲು ಒಲೆಯ ಮೇಲಿದೆ. ಅಡುಗೆ ಕಟ್ಟೆಯ ಮೇಲಿಟ್ಟ ಫೋನಿನಿಂದ ಒಂದು ಹೆಣ್ಣುದನಿ ಒಂದೇ ಸಮನೆ ಹೆಸರುಗಳನ್ನು ಓದುತ್ತಿದೆ. ವೈಕಿಂಗ್. ಫಾರ್ಟೀಸ್. ಕ್ರಾಮರ್ಟಿ. ಫೋರ್ತ್. ಟೈನ್. ಡಾಗರ್. ಹೆಸರುಗಳ ಹಿಂದೆ ಮೂರು ನಾಲ್ಕು ಮಾತು: ಗಾಳಿ ಯಾವ ಕಡೆಯಿಂದ, ಎಷ್ಟು ಜೋರು, ಮಳೆ ಇದೆಯೋ ಇಲ್ಲವೋ, ಕಣ್ಣು ಎಷ್ಟು ದೂರ ಹಾಯುತ್ತದೆ. ಲಂಡನ್ನಿನಲ್ಲಿ ಆಗ ನಡುರಾತ್ರಿ ಕಳೆದು 48 ನಿಮಿಷ. ಚಳಿಗಾಲ ಬಂದರೆ ಅವರು ಗಡಿಯಾರ ಹಿಂದಿಡುತ್ತಾರೆ, ನಮಗೆ ಅದು 6.18 ಆಗುತ್ತದೆ. ನನ್ನ ಹತ್ತಿರ ದೋಣಿ ಇಲ್ಲ. ಈಜಲೂ ಬರುವುದಿಲ್ಲ. ಆದರೂ ಡಾಗರ್‌ನಲ್ಲಿ ಇವತ್ತು ಗಾಳಿ ಹೇಗಿದೆ ಅಂತ ನನಗೆ ಗೊತ್ತು.

ಇದರ ಹೆಸರು ಶಿಪ್ಪಿಂಗ್ ಫೋರ್‌ಕಾಸ್ಟ್. ಬ್ರಿಟನ್ನಿನ ಸುತ್ತಮುತ್ತಲ ಕಡಲನ್ನು 31 ಭಾಗ ಮಾಡಿ, ಹಡಗಿನವರಿಗೂ ಮೀನುಗಾರರಿಗೂ ಕೊಡುವ ಹವಾಮಾನ ಸೂಚನೆ. ಅದನ್ನು ಓದುವುದು ಬಿಬಿಸಿ ರೇಡಿಯೋ 4. ಕಡಲಲ್ಲಿ ಇರುವವರಿಗೆ ಇವತ್ತು ಇದೇ ಮಾಹಿತಿ ಉಪಗ್ರಹದಿಂದ, ಇಂಟರ್ನೆಟ್‌ನಿಂದ ಸಿಗುತ್ತದೆ. ರೇಡಿಯೋದಲ್ಲಿ ಇದನ್ನು ಕೇಳುವವರಲ್ಲಿ ಹೆಚ್ಚಿನವರು ಹಾಸಿಗೆಯಲ್ಲಿ ಮಲಗಿರುವವರೇ. ಅವರಿಗೆ ಇದು ಜೋಗುಳ.

ಹಾಗಾದರೆ ಇದನ್ನು ಇನ್ನೂ ಯಾಕೆ ಓದಬೇಕು? ಈ ಸಣ್ಣ ಪ್ರಶ್ನೆಯ ಹಿಂದೆ ಒಂದು ದೊಡ್ಡ ಪ್ರಶ್ನೆ ಇದೆ. ಬೇಕಾದ ಕಾರ್ಯಕ್ರಮವನ್ನು ಬೇಕಾದಾಗ ಫೋನಿನಲ್ಲಿ ಕೇಳಬಹುದು ಅನ್ನುವಾಗ, ಬೆಳಿಗ್ಗೆ ಐದರಿಂದ ನಡುರಾತ್ರಿ ಒಂದರವರೆಗೆ ಒಂದಾದ ಮೇಲೊಂದು ಮಾತಿನ ಕಾರ್ಯಕ್ರಮ ಜೋಡಿಸಿಡುವ ಒಂದು ರಾಷ್ಟ್ರೀಯ ನಿಲಯ ಯಾಕೆ ಬೇಕು? ಬ್ರಿಟನ್ನಿನಲ್ಲಿ ಈ ಚರ್ಚೆ ಈಗ ಜೋರಾಗಿದೆ. ಬಿಬಿಸಿಯ ಈಗಿನ ಸನ್ನದು, ಅಂದರೆ ಅದು ನಡೆಯಲು ಆಧಾರವಾದ, ರಾಜನ ಹೆಸರಿನ ಅಧಿಕಾರಪತ್ರ, 2027ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಮುಂದೆ ದುಡ್ಡು ಎಲ್ಲಿಂದ, ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂಬ ಲೆಕ್ಕ ನಡೆಯುತ್ತಿದೆ.

ರೇಡಿಯೋ 4ರ ಒಂದೊಂದು ಕಾರ್ಯಕ್ರಮದ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. ಒಳ್ಳೆಯವು ಪಾಡ್‌ಕಾಸ್ಟ್ ಆಗಿ ಬದುಕಿಕೊಳ್ಳುತ್ತವೆ. ಚಿಂತೆ ಇರುವುದು ಅವುಗಳ ನೆರೆಹೊರೆಯ ಬಗ್ಗೆ. ಬಾಳೆ ಎಲೆ ಊಟಕ್ಕೆ ಕೂತರೆ ಯಾರೂ ಮೆನು ಕೊಡುವುದಿಲ್ಲ, ಅಲ್ವಾ? ಪಾಯಸಕ್ಕೆಂದೇ ಕೂತವರ ಎಲೆಗೂ ಕೋಸಂಬರಿ ಬೀಳುತ್ತದೆ. ಬಿದ್ದ ಮೇಲೆ ಒಂದು ತುತ್ತು ತಿನ್ನುತ್ತೇವೆ. ಫೋನಿನಲ್ಲಿ ಹುಡುಕಿ ಕೇಳುವವರು ಕೋಸಂಬರಿಯನ್ನು ಯಾವತ್ತೂ ಹುಡುಕುವುದಿಲ್ಲ.

ಆ ಎಲೆ ಹೇಗಿರುತ್ತದೆ ನೋಡೋಣ. ಬೆಳಗಿನ ಜಾವ ಐದು ದಾಟಿದ ಮೇಲೆ ಮತ್ತೆ ಕಡಲಿನ ಹವಾಮಾನ. ಆಮೇಲೆ ಎರಡು ನಿಮಿಷದ ಪ್ರಾರ್ಥನೆ, ಅದರ ಬೆನ್ನಿಗೇ ರೈತರ ಸುದ್ದಿ: ಹಾಲಿನ ದರ, ಕುರಿಯ ರೋಗ, ಗೋಧಿ ಬೆಳೆ. ಆರಕ್ಕೆ ಮುಂಚೆ ಒಂದೂವರೆ ನಿಮಿಷ ಒಂದು ಹಕ್ಕಿಯ ಕೂಗು, ಅದರ ಬಗ್ಗೆ ಎರಡು ಮಾತು. ಆರಕ್ಕೆ 'ಟುಡೇ'. 1957ರಲ್ಲಿ ಶುರುವಾದ ಈ ಸುದ್ದಿ ಕಾರ್ಯಕ್ರಮ ಒಂಬತ್ತರವರೆಗೂ ನಡೆಯುತ್ತದೆ. ಎಂಟು ಗಂಟೆಯ ವಾರ್ತೆ ಮುಗಿದು 8.10 ಆದಾಗ ಮಂತ್ರಿಗಳನ್ನು ಕೂರಿಸಿ ಪ್ರಶ್ನೆ ಕೇಳುತ್ತಾರೆ. ಅಲ್ಲಿನ ರಾಜಕೀಯದವರಿಗೆ '8.10' ಅಂದರೆ ಸಾಕು, ಯಾವುದು ಅಂತ ಬಿಡಿಸಿ ಹೇಳಬೇಕಿಲ್ಲ. ಈ ಜಟಾಪಟಿಗೆ ಸ್ವಲ್ಪ ಮುಂಚೆ, ಏಳು ಮುಕ್ಕಾಲಿನ ಆಸುಪಾಸಿನಲ್ಲಿ, ಪಾದ್ರಿಯೋ ರಬ್ಬಿಯೋ ಸಿಖ್ಖರೋ ಮುಸ್ಲಿಮರೋ ಹಿಂದೂಗಳೋ ಯಾರಾದರೊಬ್ಬರು ಮೂರು ನಿಮಿಷ ಧರ್ಮದ ಕಣ್ಣಿನಿಂದ ಒಂದು ಮಾತು ಹೇಳಿ ಹೋಗುತ್ತಾರೆ. ನಮ್ಮ ಆಕಾಶವಾಣಿಯ 'ಚಿಂತನ' ಕೇಳಿ ಬೆಳೆದವರಿಗೆ ಇದು ಅಪರಿಚಿತ ಅನ್ನಿಸುವುದಿಲ್ಲ.

ಒಂಬತ್ತರ ನಂತರ ಗಾಳಿ ಬದಲಾಗುತ್ತದೆ. ಗುರುವಾರ ಆದರೆ 'ಇನ್ ಅವರ್ ಟೈಮ್'. ಒಂದು ವಿಷಯ, ಮೂರು ಮಂದಿ ಪ್ರಾಧ್ಯಾಪಕರು, ಮುಕ್ಕಾಲು ಗಂಟೆ. ಒಂದು ವಾರ ಅಶೋಕ ಚಕ್ರವರ್ತಿ, ಇನ್ನೊಂದು ವಾರ ಭಗವದ್ಗೀತೆ, ಮತ್ತೊಮ್ಮೆ ಯಾವುದೋ ಗಣಿತದ ಸಮಸ್ಯೆ. 1998ರಿಂದ ಇದನ್ನು ನಡೆಸಿಕೊಂಡು ಬಂದ ಮೆಲ್ವಿನ್ ಬ್ರ್ಯಾಗ್ ಸಾವಿರಕ್ಕೂ ಹೆಚ್ಚು ಕಂತು ಮಾಡಿ 2025ರಲ್ಲಿ ಕುರ್ಚಿ ಬಿಟ್ಟರು. ಪ್ರಾಧ್ಯಾಪಕರು ವಿಷಯ ಬಿಟ್ಟು ಸುತ್ತಾಡಿದರೆ ಮುಲಾಜಿಲ್ಲದೆ ತಡೆಯುತ್ತಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಪಾತ್ರೆ ತೊಳೆಯುತ್ತಿರುವವರ ಕಿವಿಗೆ ಇಂಥದ್ದನ್ನು ಹಾಕಬಹುದು, ಅವರು ಕೇಳುತ್ತಾರೆ ಎಂದು ನಂಬಿದ್ದೇ ದೊಡ್ಡದು.

ಆಮೇಲೆ 'ವುಮನ್ಸ್ ಅವರ್'. 1946ರ ಅಕ್ಟೋಬರಿನಲ್ಲಿ, ರೇಡಿಯೋ 4 ಎಂಬ ಹೆಸರೇ ಇಲ್ಲದಾಗ, ಬಿಬಿಸಿಯ ಬೇರೊಂದು ವಾಹಿನಿಯಲ್ಲಿ ಶುರುವಾದದ್ದು. ತಮಾಷೆ ಅಂದರೆ, ಮೊದಲು ನಡೆಸಿಕೊಟ್ಟವರು ಒಬ್ಬ ಗಂಡಸು! ದಶಕಗಳ ಕಾಲ ಮಧ್ಯಾಹ್ನ ಎರಡಕ್ಕೆ ಬರುತ್ತಿದ್ದ ಇದನ್ನು 1991ರಲ್ಲಿ ಬೆಳಿಗ್ಗೆ ಹತ್ತೂವರೆಗೆ ತಂದಾಗ ದೊಡ್ಡ ಗಲಾಟೆ ಆಯಿತು. ಕಾರ್ಯಕ್ರಮ ನಿಲ್ಲಿಸಿರಲಿಲ್ಲ. ಬರೀ ಸಮಯ ಬದಲಾಗಿತ್ತು. ಆದರೆ ಎರಡು ಗಂಟೆ ಅಂದರೆ ಊಟದ ಪಾತ್ರೆ ಎತ್ತಿಟ್ಟು ಕೂರುವ ಹೊತ್ತು. ಸಮಯ ಕಿತ್ತುಕೊಂಡರೆ ಜನರಿಗೆ ಕೂರುವ ಜಾಗವನ್ನೇ ಕಿತ್ತುಕೊಂಡ ಹಾಗೆ ಆಯಿತು.

ಈ ನಿಲಯದ ಚರಿತ್ರೆಯಲ್ಲಿ ಇಂಥ ಜಗಳಗಳು ಬೇಕಾದಷ್ಟಿವೆ. 2006ರಲ್ಲಿ ಬೆಳಗಿನ ಪ್ರಸಾರ ಶುರುವಾಗುವಾಗ ನುಡಿಸುತ್ತಿದ್ದ ಐದು ನಿಮಿಷದ ಸಂಗೀತವನ್ನು ತೆಗೆದರು. ಬೆಳಿಗ್ಗೆ ಐದೂವರೆಗೆ ಎದ್ದಿರುವವರು ಎಷ್ಟು ಜನ? ವಿಷಯ ಪಾರ್ಲಿಮೆಂಟಿನವರೆಗೂ ಹೋಯಿತು. ನನಗೆ ಎಲ್ಲಕ್ಕಿಂತ ಇಷ್ಟದ್ದು 1993ರದ್ದು. ರೇಡಿಯೋ 4ರ ಲಾಂಗ್ ವೇವ್ ಪ್ರಸಾರವನ್ನು, ಅಂದರೆ ಬಹಳ ದೂರ ಹೋಗುವ ರೇಡಿಯೋ ಅಲೆಯನ್ನು, ಕಿತ್ತು ಇಡೀ ದಿನ ಸುದ್ದಿ ಬಿತ್ತರಿಸುವ ವಾಹಿನಿಗೆ ಕೊಡುವ ಯೋಚನೆ ಬಿಬಿಸಿಗಿತ್ತು. ಕೇಳುಗರು ಲಂಡನ್ನಿನಲ್ಲಿರುವ ಬಿಬಿಸಿ ಕಚೇರಿ ಬ್ರಾಡ್‌ಕಾಸ್ಟಿಂಗ್ ಹೌಸ್‌ಗೆ ಮೆರವಣಿಗೆ ಹೋದರು. ಸಭ್ಯ ಜನ. ಘೋಷಣೆಯ ಕೊನೆಗೆ 'ಪ್ಲೀಸ್' ಅಂತ ಸೇರಿಸಿ ಕೂಗಿದರಂತೆ. ಬಿಬಿಸಿ ಯೋಜನೆ ಕೈಬಿಟ್ಟಿತು. ಸುದ್ದಿಗೂ ಕ್ರೀಡೆಗೂ 1994ರಲ್ಲಿ ಬೇರೆಯೇ ವಾಹಿನಿ ಬಂತು.

ಮಧ್ಯಾಹ್ನ ಒಂದಕ್ಕೆ ಸುದ್ದಿ, ಎರಡೂಕಾಲಿಗೆ ನಾಟಕ, ಐದಕ್ಕೆ ಮತ್ತೆ ಸುದ್ದಿ. ಆರಕ್ಕೆ ಬಿಗ್ ಬೆನ್ ಗಂಟೆ ಹೊಡೆಯುತ್ತದೆ, ಆರೂವರೆಗೆ ನಗೆ ಕಾರ್ಯಕ್ರಮ. ಶುಕ್ರವಾರ ಮೂರಕ್ಕೆ ತೋಟಗಾರಿಕೆಯ ಪ್ರಶ್ನೋತ್ತರ, 1947ರಿಂದ ನಡೆದಿರುವುದು. ಗುಲಾಬಿ ಎಲೆಗೆ ಕಪ್ಪು ಚುಕ್ಕೆ ಬಂದರೆ ಏನು ಮಾಡಬೇಕು ಎಂದು ಒಬ್ಬರು ಕೇಳುತ್ತಾರೆ, ಮೂರು ಜನ ಗಂಭೀರವಾಗಿ ಉತ್ತರಿಸುತ್ತಾರೆ.

ಏಳು ಗಂಟೆಗೆ 'ದಿ ಆರ್ಚರ್ಸ್'. ಇದರ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಆಂಬ್ರಿಡ್ಜ್ ಎಂಬ ಇಲ್ಲದ ಹಳ್ಳಿಯ ಕಥೆ, 1951ರ ಜನವರಿ 1ರಿಂದ ಇಡೀ ದೇಶಕ್ಕೆ ಪ್ರಸಾರ ಆಗುತ್ತಿದೆ. ಕಂತುಗಳು 20 ಸಾವಿರ ದಾಟಿವೆ. ಇದು ಹುಟ್ಟಿದ್ದು ಮನರಂಜನೆಗೆ ಅಂತಲ್ಲ. ಯುದ್ಧ ಮುಗಿದರೂ ಬ್ರಿಟನ್ನಿನಲ್ಲಿ ಊಟಕ್ಕೆ ಪಡಿತರ ಇತ್ತು. ರೈತರು ಜಾಸ್ತಿ ಬೆಳೆಯಬೇಕಿತ್ತು. ಕೃಷಿ ಇಲಾಖೆಯ ಸಲಹೆಯನ್ನು ಸುಮ್ನೆ ಓದಿದರೆ ಯಾರು ಕೇಳುತ್ತಾರೆ? ಕಥೆಯೊಳಗೆ ಕಲಸಿ ಕೊಟ್ಟರು. ನಮ್ಮ 'ಕೃಷಿರಂಗ'ದಲ್ಲೂ ಇದೇ ಉಪಾಯ ಇತ್ತು. ಇಬ್ಬರು ರೈತರು ಹರಟುವ ಹಾಗೆ ಮಾಡಿ ಗೊಬ್ಬರದ ಲೆಕ್ಕ ಹೇಳುತ್ತಿದ್ದರು. ಅಲ್ಲಿ ಹರಟೆ ಬೆಳೆಯುತ್ತಾ ಬೆಳೆಯುತ್ತಾ ಗೊಬ್ಬರ ಹಿಂದೆ ಸರಿಯಿತು.

1955ರ ಸೆಪ್ಟೆಂಬರ್ 22ರಂದು ಬ್ರಿಟನ್ನಿನ ಮೊದಲ ಖಾಸಗಿ ಟಿವಿ ವಾಹಿನಿ ಐಟಿವಿ ಶುರುವಾಯಿತು. ಅದೇ ರಾತ್ರಿ ಆರ್ಚರ್ಸ್‌ನವರು ಗ್ರೇಸ್ ಎಂಬ ಹೊಸ ಮದುವಣಗಿತ್ತಿಯನ್ನು ಕುದುರೆ ಲಾಯದ ಬೆಂಕಿಯಲ್ಲಿ ಸಾಯಿಸಿದರು. ಮರುದಿನ ಪತ್ರಿಕೆಗಳಲ್ಲಿ ಐಟಿವಿಗಿಂತ ಗ್ರೇಸ್ ಸಾವಿನದ್ದೇ ಸುದ್ದಿ. ಅದು ಕಿಲಾಡಿತನ, ಸರಿ. ಆದರೆ 2016ರಲ್ಲಿ ಆದದ್ದು ಬೇರೆ ಥರ. ಹೆಲೆನ್ ಎಂಬ ಪಾತ್ರವನ್ನು ಗಂಡ ಬಹುಮಟ್ಟಿಗೆ ಮಾತಿನಲ್ಲೇ, ದಿನಾ ಸ್ವಲ್ಪ ಸ್ವಲ್ಪವಾಗಿ ಹಿಂಡುತ್ತಾ ಬಂದ. ವರ್ಷಗಟ್ಟಲೆ ನಡೆದ ಕಥೆ, ದಿನಕ್ಕೆ ಹದಿಮೂರು ನಿಮಿಷ. ಅಡುಗೆಮನೆಯಲ್ಲಿ ಇದನ್ನು ಕೇಳಿದವರು ಅಂಥ ಹೆಂಗಸರಿಗೆ ಆಸರೆ ಕೊಡುವ ಸಂಸ್ಥೆಗೆ ಒಂದು ಲಕ್ಷ ಪೌಂಡಿಗೂ ಹೆಚ್ಚು ಹಣ ಕೂಡಿಸಿದರು. ಎರಡು ಗಂಟೆಯ ಸಿನಿಮಾದಲ್ಲಿ ಇದನ್ನು ಹೀಗೆ ತೋರಿಸಲು ಆಗುವುದಿಲ್ಲ. ದಿನಾ ಒಂದೇ ಹೊತ್ತಿಗೆ ಬರುವುದಕ್ಕೆ ಮಾತ್ರ ಈ ಶಕ್ತಿ ಇರುತ್ತದೆ. ಅಂಥ ಸಂಸಾರ ನಡೆಯುವುದೂ ಹಾಗೇ ತಾನೆ, ದಿನಾ ಸ್ವಲ್ಪ ಸ್ವಲ್ಪ.

ಈಗ ಯಂತ್ರದ ಕಡೆ ಬರೋಣ. ರೇಡಿಯೋ 4 ಎಂಬ ಹೆಸರು ಬಂದದ್ದು 1967ರ ಸೆಪ್ಟೆಂಬರ್ 30ರಂದು. ಆದರೆ ಅದು ನಿಜವಾಗಿ ಇಡೀ ದೇಶದ ನಿಲಯವಾದದ್ದು 1978ರ ನವೆಂಬರಿನಲ್ಲಿ, ಮೀಡಿಯಂ ವೇವ್ ಬಿಟ್ಟು ಲಾಂಗ್ ವೇವ್‌ಗೆ ಹೋದಾಗ. ಶಿಪ್ಪಿಂಗ್ ಫೋರ್‌ಕಾಸ್ಟ್ ಇದರ ಮನೆಗೆ ಬಂದದ್ದೂ ಆಗಲೇ. ಲಾಂಗ್ ವೇವ್ ಅಂದರೆ ಹೆಸರೇ ಹೇಳುವ ಹಾಗೆ ಉದ್ದದ ಅಲೆ. 198 ಕಿಲೋಹರ್ಟ್ಸ್‌ನಲ್ಲಿ ಒಂದು ಅಲೆ ಸುಮಾರು ಒಂದೂವರೆ ಕಿಲೋಮೀಟರ್ ಉದ್ದ. ಅದು ನೆಲವನ್ನು ತಬ್ಬಿಕೊಂಡು, ಗುಡ್ಡ ದಾಟಿ, ಕಡಲ ಮೇಲೆ ಬಹಳ ದೂರ ಹೋಗುತ್ತದೆ. ಮುಖ್ಯ ಟ್ರಾನ್ಸ್‌ಮಿಟರ್ ಇರುವುದು ಡ್ರಾಯ್ಟ್‌ವಿಚ್ ಎಂಬ ಊರಿನ ಹತ್ತಿರ, 1934ರಿಂದ. ಅದಕ್ಕೆ ಬೇಕಾದ ದೊಡ್ಡ ಗಾಜಿನ ವಾಲ್ವ್‌ಗಳನ್ನು ಈಗ ತಯಾರಿಸುವವರಿಲ್ಲ. ಇರುವುದು ಸುಟ್ಟರೆ ಮುಗಿಯಿತು.

ಇದರಲ್ಲಿ ಇನ್ನೊಂದು ಗುಟ್ಟಿದೆ. ಡ್ರಾಯ್ಟ್‌ವಿಚ್‌ನ ಅಲೆ ಬರೀ ಮಾತು ಹೊತ್ತು ಹೋಗುತ್ತಿರಲಿಲ್ಲ. ಕಿವಿಗೆ ಕೇಳದ ಹಾಗೆ ಇನ್ನೊಂದು ಸಂಕೇತವೂ ಅದರಲ್ಲಿತ್ತು. ಬ್ರಿಟನ್ನಿನ ಲಕ್ಷಾಂತರ ಮನೆಗಳ ಹಳೆಯ ಕರೆಂಟ್ ಮೀಟರ್‌ಗಳು ರಾತ್ರಿ ಅಗ್ಗದ ದರಕ್ಕೆ ಯಾವಾಗ ಬದಲಾಗಬೇಕು, ಬಿಸಿನೀರಿನ ಹಂಡೆ ಯಾವಾಗ ಕಾಯಬೇಕು ಎಂದು ಅದು ಹೇಳುತ್ತಿತ್ತು. ಎಷ್ಟೋ ವರ್ಷ ಲಾಂಗ್ ವೇವ್ ಉಳಿದದ್ದಕ್ಕೆ ಕೇಳುಗರ ಪ್ರೀತಿಯ ಜೊತೆ ಈ ಮೀಟರ್‌ಗಳೂ ಕಾರಣ. 2025ರ ಜೂನ್ 30ರಿಂದ ಆ ಸೇವೆಯನ್ನು ಹಂತಹಂತವಾಗಿ ನಿಲ್ಲಿಸಲು ಶುರುಮಾಡಿದರು. ಲಾಂಗ್ ವೇವ್‌ಗೆ ಇದ್ದ ಒಂದು ಗಟ್ಟಿ ಊರುಗೋಲು ಹೋಯಿತು. ಫ್ರಾನ್ಸ್‌ನ ಸರ್ಕಾರಿ ರೇಡಿಯೋ 2016ರ ಕೊನೆಗೆ ತನ್ನ ಲಾಂಗ್ ವೇವ್ ಮುಚ್ಚಿತು, ಐರ್ಲೆಂಡ್ 2023ರಲ್ಲಿ. ಬ್ರಿಟನ್ನಿನದ್ದೂ ಅದೇ ದಾರಿ ಹಿಡಿದಿದೆ.

ಮುಚ್ಚುವುದಕ್ಕೆ ಮುಂಚಿನ ಹೆಜ್ಜೆಯಾಗಿ ಲಾಂಗ್ ವೇವ್‌ಗೆಂದೇ ಇದ್ದ ಬೇರೆ ಕಾರ್ಯಕ್ರಮಗಳನ್ನು ನಿಲ್ಲಿಸಿದರು. 2024ರ ಮಾರ್ಚ್ ಕೊನೆಯವರೆಗೆ ಲಾಂಗ್ ವೇವ್‌ನಲ್ಲಿ ಕೆಲವು ಹೊತ್ತು ಬೇರೆ ಕಾರ್ಯಕ್ರಮ ಬರುತ್ತಿತ್ತು: ನಿತ್ಯದ ಪ್ರಾರ್ಥನೆ, ಪಾರ್ಲಿಮೆಂಟಿನ ಹಿಂದಿನ ದಿನದ ವರದಿ. 2023ರವರೆಗೆ ಟೆಸ್ಟ್ ಕ್ರಿಕೆಟ್ ಕಾಮೆಂಟರಿಯೂ ಇತ್ತು. ಬ್ಯಾಟ್ಸ್‌ಮನ್ ಶತಕದ ಹೊಸ್ತಿಲಲ್ಲಿರಲಿ, ಇನ್ನೊಂದು ವಿಕೆಟ್ ಬಿದ್ದರೆ ಪಂದ್ಯ ಮುಗಿಯುವಂತಿರಲಿ, ಹೊತ್ತಾಯಿತು ಅಂದರೆ ಕಾಮೆಂಟರಿ ನಿಲ್ಲಿಸಿ ಕಡಲಿನ ಹವಾಮಾನ ಓದಬೇಕು. ಕ್ರಿಕೆಟ್ ಪ್ರಿಯರು ಬೈದುಕೊಳ್ಳುತ್ತಿದ್ದರು. ಬೈದುಕೊಂಡೇ ಕೇಳುತ್ತಿದ್ದರು. ಈಗ ಎಲ್ಲ ಕಡೆ ಒಂದೇ ಪ್ರಸಾರ. ದಿನಕ್ಕೆ ನಾಲ್ಕು ಸಲ ಇದ್ದ ಶಿಪ್ಪಿಂಗ್ ಫೋರ್‌ಕಾಸ್ಟ್ ಕೂಡ ಆಗ ಮೂರಕ್ಕೆ ಇಳಿಯಿತು.

ಡಿಜಿಟಲ್ ಬಂದಾಗ ಹೋದದ್ದು ಇನ್ನೊಂದಿದೆ, ತೀರಾ ಸಣ್ಣದು. ಗಂಟೆ ಹೊಡೆಯುವ ಹೊತ್ತಿಗೆ ಬರುವ ಆರು 'ಪಿಪ್' ಸದ್ದು, ಐದು ಗಿಡ್ಡ, ಕೊನೆಯದು ಉದ್ದ. 1924ರ ಫೆಬ್ರವರಿಯಿಂದ ಬ್ರಿಟನ್ ಅದನ್ನು ಕೇಳಿ ಕೈಗಡಿಯಾರ ಸರಿಮಾಡಿಕೊಂಡಿದೆ. ಡಿಜಿಟಲ್ ರೇಡಿಯೋದಲ್ಲೂ ಫೋನಿನಲ್ಲೂ ಅದೇ ಸದ್ದು ಕೆಲವು ಸೆಕೆಂಡು ತಡವಾಗಿ ಬರುತ್ತದೆ. ಒಂದೇ ಮನೆಯ ಎರಡು ಕೋಣೆಯಲ್ಲಿ ಎರಡು ಥರದ ರೇಡಿಯೋ ಇಟ್ಟರೆ ಎರಡು ಸಲ ಎಂಟು ಗಂಟೆ ಆಗುತ್ತದೆ. ಎಲ್ಲರ ಗಡಿಯಾರವನ್ನು ಒಂದು ಮಾಡಿದ್ದ ಸದ್ದು ಈಗ ಮನೆಮನೆಗೊಂದು ಹೊತ್ತು ಹೇಳುತ್ತಿದೆ.

ಎದುರು ಪಕ್ಷದ ವಾದವನ್ನೂ ಹೇಳಬೇಕು, ಅದು ಹುರುಳಿಲ್ಲದ್ದಲ್ಲ. ರೇಡಿಯೋ 4ಕ್ಕೆ ವಾರಕ್ಕೆ ಒಂದು ಕೋಟಿಯ ಆಸುಪಾಸಿನಲ್ಲಿ ಕೇಳುಗರಿದ್ದರು, ಈಗ ಅದಕ್ಕಿಂತ ಕೆಳಗಿದ್ದಾರೆ. ಇರುವವರಲ್ಲಿ ವಯಸ್ಸಾದವರೇ ಜಾಸ್ತಿ. ಓದಿದ, ಅನುಕೂಲಸ್ಥ, ದಕ್ಷಿಣ ಇಂಗ್ಲೆಂಡಿನ ಬಿಳಿಯರ ನಿಲಯ ಎಂಬ ಆರೋಪ ಹಳೆಯದು, ಪೂರ್ತಿ ಸುಳ್ಳೂ ಅಲ್ಲ. ಇಪ್ಪತ್ತೈದರ ಹುಡುಗಿ ಏಳು ಗಂಟೆಗೆ ಸರಿಯಾಗಿ ರೇಡಿಯೋ ಮುಂದೆ ಕೂರುವುದಿಲ್ಲ. ಅವಳಿಗೆ ರಾತ್ರಿ ಹನ್ನೊಂದಕ್ಕೆ ಬಸ್ಸಿನಲ್ಲಿ ಅಶೋಕನ ಬಗ್ಗೆ ಕೇಳಬೇಕು ಅನ್ನಿಸಿದರೆ ಕೇಳಲಿ. 2018ರಲ್ಲಿ ಬಂದ ಬಿಬಿಸಿ ಸೌಂಡ್ಸ್ ಆ್ಯಪ್ ಇಲ್ಲದಿದ್ದರೆ ಇಂಥ ಎಷ್ಟೋ ಕಾರ್ಯಕ್ರಮ ಒಂದು ಸಲ ಗಾಳಿಗೆ ಹೋಗಿ ಮುಗಿಯುತ್ತಿತ್ತು. ನಾನೂ ಹಾಗೇ ಕೇಳುತ್ತೇನೆ, ಸುಳ್ಳು ಯಾಕೆ ಹೇಳಲಿ. 2025ರ ಜುಲೈನಲ್ಲಿ ಹೊರದೇಶದವರಿಗೆ ಸೌಂಡ್ಸ್ ಬಾಗಿಲು ಮುಚ್ಚಿದಾಗ ಬೇಜಾರಾಯಿತು. ಆದರೆ ರೇಡಿಯೋ 4 ಬಿಬಿಸಿಯ ವೆಬ್‌ಸೈಟಿನಲ್ಲಿ ಉಳಿಯಿತು. ಹಾಗಾಗಿ ನನ್ನ ಬೆಳಗಿನ ಕಡಲೂ ಉಳಿಯಿತು.

ದುಡ್ಡಿನ ವಿಷಯ ಇನ್ನೂ ವಿಚಿತ್ರ. ಬಿಬಿಸಿ ನಡೆಯುವುದು ಮುಖ್ಯವಾಗಿ ಟಿವಿ ಲೈಸೆನ್ಸ್ ಹಣದಿಂದ. 2025ರ ಏಪ್ರಿಲ್‌ನಲ್ಲಿ ಅದು ಮನೆಯೊಂದಕ್ಕೆ ವರ್ಷಕ್ಕೆ 174.50 ಪೌಂಡ್ ಆಯಿತು. ರೇಡಿಯೋಗೆ ಇದ್ದ ಲೈಸೆನ್ಸ್ 1971ರಲ್ಲೇ ರದ್ದಾಗಿದೆ. ಅಂದರೆ ಟಿವಿ ನೋಡದೆ, ಬಿಬಿಸಿಯ ಟಿವಿ ಆ್ಯಪ್ ಆದ ಐಪ್ಲೇಯರ್ ಮುಟ್ಟದೆ ಬರೀ ರೇಡಿಯೋ 4 ಕೇಳುವವರು ಒಂದು ಕಾಸೂ ಕೊಡಬೇಕಿಲ್ಲ. ಟಿವಿ ನೋಡುವ ನೆರೆಮನೆಯವರು ಅವರ ಪಾಲನ್ನೂ ಕಟ್ಟುತ್ತಾರೆ. ನೆರೆಮನೆಯವರು ಟಿವಿ ಬಿಟ್ಟು ನೆಟ್‌ಫ್ಲಿಕ್ಸ್‌ಗೆ ಹೋದರೆ ಈ ಲೆಕ್ಕ ಕುಸಿಯುತ್ತದೆ. ಆಗ ಚಂದಾ ಕಟ್ಟಿದವರಿಗಷ್ಟೇ ಎಂದು ಬೇಲಿ ಹಾಕಬೇಕಾಗುತ್ತದೆ, ಇಲ್ಲವೇ ಜಾಹೀರಾತು ಬರಬೇಕಾಗುತ್ತದೆ. ಮಾತಿನ ರೇಡಿಯೋ ದುಬಾರಿ ಸರಕು. ಒಂದು ಹಾಡು ಹಾಕಿದರೆ ಮೂರು ನಿಮಿಷ ಹೋಗುತ್ತದೆ. ಮುಕ್ಕಾಲು ಗಂಟೆಯ ನಾಟಕಕ್ಕೆ ಬರೆಯುವವರು, ನಟರು, ನಿರ್ದೇಶಕರು, ಸದ್ದು ಕೂಡಿಸುವವರು ಎಲ್ಲ ಬೇಕು. ಕೈ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಕೋಸಂಬರಿಗೇ.

ನಮ್ಮಲ್ಲಿ ಇದು ಬೇರೆ ರೂಪದಲ್ಲಿ ಆಗಿಹೋಗಿದೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳುತ್ತಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಲ್ಲೇ ಒಂದು ಪುಟ್ಟ ನಿಲಯ ಶುರುಮಾಡಿದರು. 'ಆಕಾಶವಾಣಿ' ಎಂಬ ಹೆಸರು ಅಲ್ಲಿಂದ ಬಂದದ್ದು. ಅದೇ ವರ್ಷ ದೆಹಲಿಯಲ್ಲಿ ಸರ್ಕಾರಿ ರೇಡಿಯೋ ಕಟ್ಟಲು ಬಂದ ಲಯೊನೆಲ್ ಫೀಲ್ಡನ್ ಬಿಬಿಸಿಯವರೇ. ಹಾಗಾಗಿ ಎಲೆ ಊಟದ ಪದ್ಧತಿ ನಮಗೂ ಬಂತು. ಕನ್ನಡ ವಾರ್ತೆಗೆ ಕಾಯುತ್ತಿದ್ದವರ ಕಿವಿಗೆ ಮೊದಲು ಸಂಸ್ಕೃತ ವಾರ್ತೆ ಬೀಳುತ್ತಿತ್ತು. 'ಇಯಂ ಆಕಾಶವಾಣೀ' ಎಂಬ ಸಾಲು, ಸಂಸ್ಕೃತ ಒಂದಕ್ಷರ ಬಾರದವರಿಗೂ ಈಗಲೂ ಬಾಯಿಪಾಠ. ಯಾರೂ ಕೇಳಿ ಹಾಕಿಸಿಕೊಂಡದ್ದಲ್ಲ. ಖಾಸಗಿ ಎಫ್‌ಎಂಗಳು ಬಂದಾಗ ಅವಕ್ಕೆ ತಮ್ಮದೇ ಸುದ್ದಿ ಮಾಡಲು ಅನುಮತಿ ಸಿಗಲಿಲ್ಲ. ಬೇಕಿದ್ದರೆ ಆಕಾಶವಾಣಿಯ ವಾರ್ತೆಯನ್ನೇ ಇದ್ದ ಹಾಗೆ ಹಾಕಬಹುದು ಎಂದು ಆಮೇಲೆ ಆಯಿತು. ಹಾಗಾಗಿ ಅಲ್ಲಿ ಉಳಿದದ್ದು ಹಾಡು, ತಮಾಷೆ, ಟ್ರಾಫಿಕ್. ಗಂಭೀರ ಮಾತಿಗೆ ಆಕಾಶವಾಣಿ ಒಂದೇ ಗತಿ. ಬ್ರಿಟನ್ನಿನವರು ತಮ್ಮ ಮಾತಿನ ರೇಡಿಯೋವನ್ನು ಉಳಿಸುವುದು ಹೇಗೆ ಎಂದು ಜಗಳ ಆಡುತ್ತಿದ್ದಾರೆ. ನಮ್ಮಲ್ಲಿ ಆ ಜಗಳ ಆಡುವಷ್ಟು ಜನ ರೇಡಿಯೋ ಹಾಕಿಕೊಂಡು ಕೂತಿಲ್ಲ.

ಆ್ಯಪ್‌ನಲ್ಲಿ ಮೊದಲು ಕೆಲಸ ಇಲ್ಲದವರಾಗುವುದು ಉದ್ಘೋಷಕರು. ಒಂದು ಕಾರ್ಯಕ್ರಮ ಮುಗಿದು ಇನ್ನೊಂದು ಶುರುವಾಗುವ ನಡುವೆ ಬಂದು 'ಈಗ ಇದು, ಮುಂದೆ ಅದು' ಎನ್ನುವವರು. ಆ್ಯಪ್‌ನಲ್ಲಿ 'ಮುಂದೆ' ಎಂಬುದೇ ಇಲ್ಲ, ಬರೀ ನೀವು ಒತ್ತಿದ್ದು. ನಡುರಾತ್ರಿ ಶಿಪ್ಪಿಂಗ್ ಫೋರ್‌ಕಾಸ್ಟ್ ಓದುವವರು ಅವರೇ. 31 ಹೆಸರು ಮುಗಿಸಿ, ಕೇಳುತ್ತಿರುವವರಿಗೆ ಶುಭರಾತ್ರಿ ಹೇಳುತ್ತಾರೆ. ರಾಷ್ಟ್ರಗೀತೆ ನುಡಿಯುತ್ತದೆ. ಒಂದು ಗಂಟೆಗೆ ಆರು ಪಿಪ್, ನನ್ನ ಫೋನಿನಲ್ಲಿ ಕೆಲವು ಸೆಕೆಂಡು ತಡವಾಗಿ, ಆಮೇಲೆ ಬಿಬಿಸಿಯ ಹೊರದೇಶಗಳ ವಾಹಿನಿ ವರ್ಲ್ಡ್ ಸರ್ವಿಸ್‌ನ ವಾರ್ತೆ. ಇಲ್ಲಿ ಐದೂವರೆ. ಕಾಫಿ ಮುಗಿದಿರುತ್ತದೆ, ನಾನು ಹವಾಮಾನಕ್ಕೆಂದು ಹಾಕಿದ ರೇಡಿಯೋ ಆರಿಸುವುದನ್ನು ಮರೆತಿರುತ್ತೇನೆ. ಯಾವುದೋ ದೇಶದ ಚುನಾವಣೆಯ ಸುದ್ದಿ ಬರುತ್ತಿರುತ್ತದೆ.